ಫ್ರಾನ್ಸ್‌ ಬಂದರಿನಿಂದ ಸೈಕಲ್ ಸವಾರಿ: ಮಾರ್ಗವನ್ನು ವಾಪಸ್ ಹಡಗಿನಿಂದ ಹಿಂದಕ್ಕೆ ಕಟ್ಟುವುದು ಹೇಗೆ

ಈ ಬೇಸಿಗೆಯಲ್ಲಿ ರೆಡಿಂಗ್, ಸ್ಲೌ ಕಡೆಯ ನಾಲ್ವರು ಕನ್ನಡದ ಗೆಳೆಯರು ತಮ್ಮ ಮಾರ್ಗದ ಫೈಲ್ ಕಳಿಸಿ ‘ಒಮ್ಮೆ ನೋಡಿ ಹೇಳಿ’ ಅಂದರು. ಎಲ್ಲರ ಯೋಜನೆಯೂ ಒಂದೇ. ಶುಕ್ರವಾರ ಕೆಲಸ ಮುಗಿಸಿ ಪೋರ್ಟ್ಸ್‌ಮತ್‌ನಲ್ಲಿ ರಾತ್ರಿ ಹಡಗು ಹತ್ತುವುದು, ಬೆಳಗ್ಗೆ ನಾರ್ಮಂಡಿಯಲ್ಲಿ ಇಳಿಯುವುದು, ಎರಡು ದಿನ ತುಳಿದು ಭಾನುವಾರ ವಾಪಸ್ ಹೊರಡುವುದು. ತಪ್ಪೂ ಎಲ್ಲರದ್ದೂ ಒಂದೇ. ಬಂದರಿನ ಗೇಟಿನಿಂದ ಗೆರೆ ಎಳೆಯುತ್ತಾ ಹೋಗಿ, ನೋಡಬೇಕಾದ ಜಾಗಗಳನ್ನೆಲ್ಲ ಪೋಣಿಸಿ, ಕೊನೆಗೆ ಉಳಿದ ಹೊತ್ತಿನಲ್ಲಿ ವಾಪಸ್ ಬರುವುದು ಅಂತ ಬಿಟ್ಟಿದ್ದರು. ಅವರಲ್ಲಿ ಇಬ್ಬರಿಗೆ ಹಡಗು ತಪ್ಪಿತು. ಒಬ್ಬರು ಗೇಟಿಗೆ ಬಂದಾಗ ಹಡಗು ಕಣ್ಣೆದುರೇ ನಿಂತಿತ್ತು, ಆದರೆ ಗೇಟು ಮುಚ್ಚಿ ಕಾಲು ಗಂಟೆ ಆಗಿತ್ತು.

ಆದ್ದರಿಂದ ಈ ಬರಹದಲ್ಲಿ ಕೆಲಸದ ಕ್ರಮವನ್ನೇ ತಿರುಗಿಸಿ ಹೇಳುತ್ತೇನೆ. ಉದಾಹರಣೆಗೆ ನಾನು ಚೆನ್ನಾಗಿ ಬಲ್ಲ ವಿಸ್ಟ್ರೆಯಾಮ್ ಬಂದರನ್ನು ತೆಗೆದುಕೊಂಡಿದ್ದೇನೆ. ದಿಯೆಪ್, ಶೆರ್ಬುರ್, ರೋಸ್ಕೊಫ್, ಸಾಂ ಮಾಲೊ, ಯಾವ ಬಂದರಾದರೂ ಹಂತಗಳು ಇವೇ.

ಹಂತ 1: ಮೊದಲು ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನಲ್ಲಿ ವಾಸದ ಅನುಮತಿ ಇದ್ದರೂ ಷೆಂಗೆನ್ ವೀಸಾ ಬೇಕೇ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ. ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನ ಸಿಗುವುದೇ ಕಷ್ಟ, ಹಾಗಾಗಿ ಎರಡು ತಿಂಗಳ ಮುಂಚೆ ಶುರುಮಾಡಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಅದರಲ್ಲಿ ಸೈಕಲ್ ಸವಾರಿಯೂ ಸೇರಿದೆಯೇ ಎಂದು ಓದಿ ನೋಡಿ. ಬ್ರಿಟನ್ನಿಗೆ ಮರಳುವಾಗ ನಿಮ್ಮ ಇ-ವೀಸಾ ಖಾತೆಯಲ್ಲಿ ಈಗಿನ ಪಾಸ್‌ಪೋರ್ಟಿನ ಸಂಖ್ಯೆಯೇ ಇರಬೇಕು. ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ಇದನ್ನು ಬದಲಿಸಲು ಮರೆಯುವವರು ಬಹಳ ಮಂದಿ.

ವೀಸಾ ಅರ್ಜಿಗೆ ತಂಗುವ ಊರಿನ ಬುಕಿಂಗ್ ಬೇಕು. ಅವಸರದಲ್ಲಿ ಸಿಕ್ಕ ಊರಲ್ಲಿ ಕೋಣೆ ಹಿಡಿದು, ಆಮೇಲೆ ಮಾರ್ಗವನ್ನು ಆ ಕೋಣೆಗೆ ಹೊಂದಿಸಲು ಒದ್ದಾಡುವುದು ಇಲ್ಲಿಂದಲೇ ಶುರುವಾಗುತ್ತದೆ. ಮೂರನೇ ಹಂತದ ಲೆಕ್ಕ ಮುಗಿಯುವ ತನಕ ಕೋಣೆ ಹಿಡಿಯಬೇಡಿ.

ಹಂತ 2: ಬಂದರು ನಿಜಕ್ಕೂ ಎಲ್ಲಿದೆ ನೋಡಿ

ಟಿಕೆಟ್ ಮೇಲೆ ‘ಕಾನ್’ ಎಂದಿರುತ್ತದೆ. ಹಡಗು ನಿಲ್ಲುವುದು ಕಾನ್ ನಗರದಲ್ಲಿ ಅಲ್ಲ, ಅಲ್ಲಿಂದ ಸುಮಾರು 15 ಕಿ.ಮೀ. ಉತ್ತರಕ್ಕೆ, ಕಡಲ ದಂಡೆಯ ವಿಸ್ಟ್ರೆಯಾಮ್‌ನಲ್ಲಿ. ಹೋಗುವಾಗ ಈ 15 ಕಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. ವಾಪಸ್ ಬರುವಾಗ, ಕಾಲು ಸೋತಿರುವಾಗ, ಅದೇ ಮುಕ್ಕಾಲು ಗಂಟೆ ನುಂಗುತ್ತದೆ.

ಬಂದರಿನಿಂದ ಊರಿನ ಒಳಗೆ ಬರುವ ಮೊದಲ ಎರಡು ಕಿ.ಮೀ. ಬಗ್ಗೆ ಎಚ್ಚರವಾಗಿರಿ. ಹಡಗಿನಿಂದ ಇಳಿದ ಕಾರು, ಲಾರಿಗಳೆಲ್ಲ ಕಾನ್ ಕಡೆಯ ವೇಗದ ರಸ್ತೆಗೆ ನುಗ್ಗುತ್ತವೆ. ಅವುಗಳ ಹಿಂದೆ ಹೋದರೆ ನೀವೂ ಅಲ್ಲಿಗೇ ಸೇರುತ್ತೀರಿ. ನಿಮಗೆ ಬೇಕಾದದ್ದು ಕಾಲುವೆ ದಂಡೆ. ಕಡಲಿನಿಂದ ಕಾನ್‌ವರೆಗೆ ಹೋಗುವ ಕಾಲುವೆಯ ಪಕ್ಕದಲ್ಲೇ ವಾಹನಗಳಿಲ್ಲದ ಸಮತಟ್ಟು ದಾರಿ ಇದೆ. ಗೇಟಿನಿಂದ ಆ ದಂಡೆ ಮುಟ್ಟುವವರೆಗಿನ ಪ್ರತಿ ತಿರುವನ್ನೂ ಮನೆಯಲ್ಲೇ ಸ್ಟ್ರೀಟ್ ವ್ಯೂನಲ್ಲಿ ನೋಡಿಕೊಳ್ಳಿ. ಈ ಹತ್ತು ನಿಮಿಷದ ಕೆಲಸವನ್ನು ಯಾರೂ ಮಾಡುವುದಿಲ್ಲ. ಮಾಡಿದವರು ನಿದ್ದೆಗಣ್ಣಿನಲ್ಲಿದ್ದರೂ, ಬಲಬದಿಯ ಸಂಚಾರಕ್ಕೆ ಇನ್ನೂ ಒಗ್ಗದಿದ್ದರೂ, ನೇರ ದಂಡೆಗೆ ಬಂದು ಸೇರುತ್ತಾರೆ.

ಹಂತ 3: ವಾಪಸ್ ಹಡಗಿನಿಂದ ಗಡಿಯಾರ ಹಿಂದಕ್ಕೆ ತಿರುಗಿಸಿ

ಇಡೀ ಯೋಜನೆಯ ಬೆನ್ನೆಲುಬು ಇದು. ಒಂದು ಹಾಳೆ ತೆಗೆದುಕೊಳ್ಳಿ. ತಳದಲ್ಲಿ ಹಡಗು ಬಿಡುವ ಹೊತ್ತು ಬರೆಯಿರಿ, ಫ್ರಾನ್ಸಿನ ಸಮಯದಲ್ಲಿ. ಅದು ಬ್ರಿಟನ್ನಿಗಿಂತ ಒಂದು ಗಂಟೆ ಮುಂದೆ. ಫೋನು ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಆಮೇಲೆ ತಳದಿಂದ ಮೇಲಕ್ಕೆ ಹತ್ತುತ್ತಾ ಹೋಗಿ.

ಭಾನುವಾರ ಸಂಜೆ 4:30ಕ್ಕೆ ಹಡಗು ಎಂದಿಟ್ಟುಕೊಳ್ಳೋಣ. ಗೇಟು ಮುಚ್ಚುವ ಹೊತ್ತು ಟಿಕೆಟ್ಟಿನಲ್ಲೇ ಇರುತ್ತದೆ, ಉದಾಹರಣೆಗೆ 3:45. ಪಾಸ್‌ಪೋರ್ಟ್ ಸಾಲು ಉದ್ದ ಇರಬಹುದು, ಆದ್ದರಿಂದ ನಾವು 3:00ಕ್ಕೆ ಅಲ್ಲಿರಬೇಕು. ಕಾಲುವೆ ದಂಡೆಯ 15 ಕಿ.ಮೀ.ಗೆ ಒಂದು ಗಂಟೆ ಕೊಡಿ. ಭಾನುವಾರ ಮಧ್ಯಾಹ್ನ ಆ ದಾರಿಯಲ್ಲಿ ಮಕ್ಕಳು, ನಾಯಿಗಳು, ವಾಕಿಂಗ್ ಬಂದ ಸಂಸಾರಗಳು ತುಂಬಿರುತ್ತವೆ, ವೇಗವಾಗಿ ತುಳಿಯಲು ಆಗುವುದಿಲ್ಲ. ಹಾಗಾದರೆ ಕಾನ್ ಬಿಡಬೇಕಾದದ್ದು 2:00ಕ್ಕೆ. ಇಲ್ಲಿ ಒಂದು ಪೂರ್ತಿ ಗಂಟೆ ಖಾಲಿ ಬಿಡಿ. ಅದು ಪಂಕ್ಚರ್, ಮಳೆ, ದಾರಿ ತಪ್ಪುವುದು ಇವಕ್ಕೆ ಮೀಸಲು, ಊಟಕ್ಕೆ ಅಲ್ಲ. ಅಂದರೆ ಕಾನ್ ತಲುಪುವುದು 1:00ಕ್ಕೆ.

ಈಗ ಪ್ರಶ್ನೆ ತಾನಾಗಿ ಎದುರಿಗೆ ಬರುತ್ತದೆ: ಬೆಳಗ್ಗೆ ಹತ್ತಕ್ಕೆ ಹೊರಟು, ಆಯಾಸವಿಲ್ಲದೆ ಒಂದಕ್ಕೆ ಕಾನ್ ಮುಟ್ಟಬಹುದಾದ ಊರು ಯಾವುದು? ಸಣ್ಣ ರಸ್ತೆಗಳಲ್ಲಿ ಸುಮಾರು 40 ಕಿ.ಮೀ. ದಕ್ಷಿಣಕ್ಕಿರುವ ಫಲೇಜ್. ಶನಿವಾರ ರಾತ್ರಿ ತಂಗುವುದು ಅಲ್ಲೇ. ನೋಡಿ, ಕೋಣೆ ಎಲ್ಲಿ ಹಿಡಿಯಬೇಕೆಂದು ಹಡಗೇ ತೀರ್ಮಾನಿಸಿತು.

ಶನಿವಾರದ್ದನ್ನು ಮಾತ್ರ ಮುಂದಕ್ಕೆ ಕಟ್ಟಿ. ರಾತ್ರಿ ಹಡಗು ಬೆಳಗ್ಗೆ ಏಳರ ಆಸುಪಾಸಿಗೆ ಬಂದರೂ ನೀವು ಆಗಲೇ ರಸ್ತೆಯಲ್ಲಿರುತ್ತೀರಿ ಎಂದುಕೊಳ್ಳಬೇಡಿ. ಡೋವರ್‌ನಲ್ಲಾದರೆ ಫ್ರಾನ್ಸಿನ ತಪಾಸಣೆ ಇಂಗ್ಲೆಂಡ್ ಕಡೆಯೇ ಮುಗಿಯುತ್ತದೆ. ಪೋರ್ಟ್ಸ್‌ಮತ್‌ನಿಂದ ಹೋದವರಿಗೆ ಇಳಿದ ಮೇಲೆ. 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರ ದಾಖಲಿಸುವುದೂ ಇದೆ. ಒಂದು ಗಂಟೆ ಅದಕ್ಕೆ ಬರೆದಿಡಿ. ಎಂಟಕ್ಕೆ ಹೊರಟು ಕಾನ್, ಓರ್ನ್ ನದಿ ಕಣಿವೆಯ ತ್ಯೂರಿ-ಆರ್ಕೂರ್, ಕ್ಲೆಸಿ, ಪೋಂ-ದುಯೀ ದಾಟಿ ಫಲೇಜ್ ಸೇರಿದರೆ ಸುಮಾರು 90 ಕಿ.ಮೀ. ಮೊದಲ ದಿನ ದೊಡ್ಡದು, ಎರಡನೆಯದು 55 ಕಿ.ಮೀ. ಎರಡೂ ದಿನವನ್ನು ಸಮ ಮಾಡಲು ಹೋಗಬೇಡಿ. ಹಡಗಿರುವ ದಿನ ಯಾವತ್ತೂ ಚಿಕ್ಕದಾಗಿರಲಿ.

ಸಮಯದ ಲೆಕ್ಕಕ್ಕೆ ಬರೀ ಕಿಲೋಮೀಟರ್ ಸಾಲದು. ಚೀಲ ಹೊತ್ತ ಸೈಕಲ್ಲಿಗೆ ನಾನು ಹಿಡಿಯುವ ಲೆಕ್ಕ ಇದು: ಗಂಟೆಗೆ 20 ಕಿ.ಮೀ., ಜೊತೆಗೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ. ಆಪ್ ತೋರಿಸುವ ಹೊತ್ತು ನಿಮ್ಮ ಚೀಲದ ತೂಕ ಗೊತ್ತಿಲ್ಲದೆ ಹೇಳಿದ್ದು.

ಹಂತ 4: ಗಾಳಿಯ ದಿಕ್ಕಿಗೆ ಸುತ್ತು ಹಾಕಿ

ನಾರ್ಮಂಡಿಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯ, ಪಶ್ಚಿಮ ದಿಕ್ಕಿನಿಂದ ಬೀಸುತ್ತದೆ. ಕಾನ್‌ಗೂ ಫಲೇಜ್‌ಗೂ ನಡುವೆ ಇರುವುದು ಬಟಾಬಯಲು. ಗೋಧಿ, ಸಕ್ಕರೆ ಬೀಟ್ ಹೊಲಗಳು, ಮರದ ಮರೆ ಇಲ್ಲ. ಅಲ್ಲಿ ಎದುರುಗಾಳಿ ಸಿಕ್ಕರೆ ಗಂಟೆಗೆ 14 ಕಿ.ಮೀ.ಗಿಂತ ಹೆಚ್ಚು ತುಳಿಯಲಾಗದೆ ಒದ್ದಾಡಿದ್ದೇನೆ. ಓರ್ನ್ ಕಣಿವೆಯಲ್ಲಿ ಹಾಗಲ್ಲ, ಗುಡ್ಡ ಮತ್ತು ಮರಗಳು ಗಾಳಿಯನ್ನು ತಡೆಯುತ್ತವೆ.

ಆದ್ದರಿಂದ ದಕ್ಷಿಣಕ್ಕೆ ಹೋಗುವಾಗ ಕಣಿವೆಯೊಳಗೆ ಅಡಗಿ ಹೋಗಿ, ಉತ್ತರಕ್ಕೆ ಬರುವಾಗ ಬಯಲಿನಲ್ಲಿ ಬೆನ್ನಗಾಳಿ ಹಿಡಿದು ಬನ್ನಿ. ಇದೇ ಸುತ್ತನ್ನು ತಿರುವುಮುರುವಾಗಿ ಹಾಕಿದ ಗೆಳೆಯರಿಗೆ ಭಾನುವಾರ ಕಣಿವೆಯ ಏರಿಳಿತವೇ ಸಿಕ್ಕಿತು, ಬೆನ್ನಗಾಳಿ ಸಿಗಲಿಲ್ಲ. ಹೊರಡುವ ಹಿಂದಿನ ದಿನ ಮುನ್ಸೂಚನೆ ನೋಡಿ. ಭಾನುವಾರಕ್ಕೆ ಬಲವಾದ ಉತ್ತರ ಗಾಳಿ ಇದ್ದರೆ ಫಲೇಜ್‌ನಿಂದ ಒಂದು ಗಂಟೆ ಬೇಗ ಹೊರಡಿ.

ಕ್ಲೆಸಿಯ ಸುತ್ತಲಿನ ಪ್ರದೇಶಕ್ಕೆ ‘ನಾರ್ಮಂಡಿಯ ಸ್ವಿಟ್ಜರ್ಲೆಂಡ್’ ಎಂಬ ಹೆಸರು. ಬೆಟ್ಟಗಳು ಎತ್ತರವೇನಲ್ಲ, ಕಲ್ವಾದೋಸ್ ಜಿಲ್ಲೆಯ ಅತಿ ಎತ್ತರದ ಮೋಂ ಪ್ಯಾನ್ಸೋಂ 362 ಮೀಟರ್ ಅಷ್ಟೇ. ಆದರೆ ನದಿ ದಂಡೆಯಿಂದ ಮೇಲೆ ಹತ್ತುವ ರಸ್ತೆಗಳು ಚಿಕ್ಕವು, ಕಡಿದಾದವು. ಮಿಷೆಲಿನ್ ಕಾಗದದ ನಕ್ಷೆಯಲ್ಲಿ ರಸ್ತೆಯ ಮೇಲೆ ಬಾಣದ ತುದಿಯಂಥ ಗುರುತುಗಳಿರುತ್ತವೆ. ಒಂದಿದ್ದರೆ 5ರಿಂದ 9 ಶೇಕಡಾ, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ಎರಡು ಬಾಣ ಕಂಡರೆ ನಿಮ್ಮ ಅತಿ ಸಣ್ಣ ಗೇರ್ ಸಾಕಾಗುತ್ತದೆಯೇ ಎಂದು ಮನೆಯಲ್ಲೇ ಯೋಚಿಸಿ.

ಹಂತ 5: ರಸ್ತೆಗಳನ್ನು ಒಂದೊಂದಾಗಿ ಪರೀಕ್ಷಿಸಿ

ಫ್ರಾನ್ಸಿನ ರಸ್ತೆಗಳ ಅಕ್ಷರ ನೋಡಿ ಮೋಸಹೋಗುವವರೇ ಹೆಚ್ಚು. ಎ ಎಂದರೆ ಹೆದ್ದಾರಿ, ಸೈಕಲ್‌ಗೆ ಪ್ರವೇಶವಿಲ್ಲ. ಎನ್ ಎಂದರೆ ರಾಷ್ಟ್ರೀಯ ರಸ್ತೆ, ಅವುಗಳಲ್ಲಿ ಹಲವು ಸೈಕಲ್ ನಿಷೇಧದ ವೇಗದ ರಸ್ತೆಗಳು. ಕಾನ್-ಫಲೇಜ್ ನಡುವಿನ ಎನ್ 158, ಕಾನ್ ಸುತ್ತಲಿನ ರಿಂಗ್ ರೋಡ್ ಎನ್ 814 ಇವೆರಡೂ ನಿಮಗಲ್ಲ. ಗೊಂದಲ ಇರುವುದು ಡಿ ಅಕ್ಷರದಲ್ಲಿ. ಹಸು ದಾಟುವ ಒಂಟಿ ದಾರಿಯೂ ಡಿ, ಲಾರಿ ಓಡುವ ನಾಲ್ಕು ಪಥವೂ ಡಿ. ಹಳೆಯ ರಾಷ್ಟ್ರೀಯ ರಸ್ತೆಗಳನ್ನು ಜಿಲ್ಲೆಗಳಿಗೆ ಒಪ್ಪಿಸಿದಾಗ ಅವಕ್ಕೂ ಡಿ ಸಂಖ್ಯೆ ಬಂತು. ಕಾನ್‌ನಿಂದ ಫ್ಲೆರ್ಸ್ ಕಡೆ ಹೋಗುವ ಡಿ 562 ಅಂಥದ್ದು. ನಕ್ಷೆಯಲ್ಲಿ ಅದು ತ್ಯೂರಿ-ಆರ್ಕೂರ್‌ಗೆ ನೇರ ದಾರಿಯಾಗಿ ಕಾಣುತ್ತದೆ, ನೇರವೂ ಹೌದು. ಒಮ್ಮೆ ಹೊತ್ತು ಉಳಿಸಲು ಹೋಗಿ ಅದರಲ್ಲಿ ಆರು ಕಿ.ಮೀ. ತುಳಿದೆ. ಪ್ರತಿ ಲಾರಿ ದಾಟಿದಾಗಲೂ ಮೊದಲು ಗಾಳಿ ಹೊರಕ್ಕೆ ತಳ್ಳುತ್ತದೆ, ಮರುಕ್ಷಣ ಒಳಕ್ಕೆ ಎಳೆಯುತ್ತದೆ. ಮುಂದಿದ್ದ ಗೆಳೆಯ ಬಿಳಿ ಗೆರೆಯ ಮೇಲೇ ಕಣ್ಣು ನೆಟ್ಟು, ತೋಳು ಬಿಗಿಹಿಡಿದು ಹೋಗುತ್ತಿದ್ದ. ಮೊದಲ ತಿರುವಿನಲ್ಲೇ ಇಬ್ಬರೂ ಮಾತಾಡದೆ ಇಳಿದುಬಿಟ್ಟೆವು. ಆ ಕಡೆ ಕಣಿವೆಯಲ್ಲಿ ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಹಸಿರು ದಾರಿ ಇದೆ, ಅದನ್ನೇ ಹಿಡಿಯಿರಿ.

ಬಣ್ಣ ನೋಡಿ ಆರಿಸುವುದು ಸುಲಭ. ಮಿಷೆಲಿನ್ ನಕ್ಷೆಯಲ್ಲಿ ಕೆಂಪು ರಸ್ತೆ ಬೇಡ, ಹಳದಿ ರಸ್ತೆ ನೋಡಿಕೊಂಡು, ಬಿಳಿ ರಸ್ತೆ ನಿಮ್ಮದೇ. ಹಸಿರು ಅಂಚು ಇದ್ದರೆ ನೋಟ ಚಂದ. ಆಮೇಲೆ ಅದೇ ಗೆರೆಯನ್ನು ಕೊಮೂಟ್ ಅಥವಾ ರೈಡ್ ವಿತ್ ಜಿಪಿಎಸ್ ಎಂಬ ಮಾರ್ಗ ರಚಿಸುವ ಆಪ್‌ನಲ್ಲಿ ಎಳೆದು, ಸವಾರರ ಓಡಾಟ ದಾಖಲಿಸುವ ಸ್ಟ್ರಾವಾ ಆಪಿನ ಹೀಟ್‌ಮ್ಯಾಪ್ ಜೊತೆ ಹೋಲಿಸಿ. ಸ್ಥಳೀಯ ಸವಾರರು ತುಳಿಯುವ ರಸ್ತೆ ಅಲ್ಲಿ ದಪ್ಪಗೆ ಹೊಳೆಯುತ್ತದೆ. ನಿಮ್ಮ ಗೆರೆ ಇರುವ ಕಡೆ ಏನೂ ಹೊಳೆಯದೆ, ಸಮಾನಾಂತರದ ಇನ್ನೊಂದು ಹೊಳೆಯುತ್ತಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಭಾನುವಾರದ ದಾರಿಗೆ ಫಲೇಜ್‌ನಿಂದ ಎನ್ 158ರ ಪಶ್ಚಿಮಕ್ಕೆ ಸರಿದು, ಬ್ರೆತ್‌ವಿಲ್-ಸುರ್-ಲೇಜ್ ಮೂಲಕ ಕಾನ್ ಕಡೆ ಬರುವ ಸಣ್ಣ ರಸ್ತೆಗಳನ್ನು ಪೋಣಿಸಿ.

ಆಪ್‌ನಲ್ಲಿ ‘ರೋಡ್ ಸೈಕಲ್’ ಎಂದು ಆರಿಸಿದರೂ ಕೆಲವೊಮ್ಮೆ ಹೊಲದ ಜಾಡಿಗೆ ಕಳಿಸುತ್ತದೆ. ಪ್ರತಿ ಸಂಶಯದ ತುಂಡಿನ ಉಪಗ್ರಹ ಚಿತ್ರ ನೋಡಿ. ಹಸಿರು ದಾರಿಗಳೆಲ್ಲ ಡಾಂಬರಿನವಲ್ಲ, ಎಷ್ಟೋ ಕಡೆ ಒತ್ತಿ ಗಟ್ಟಿ ಮಾಡಿದ ಮರಳು-ಜಲ್ಲಿ ಇರುತ್ತದೆ. ಒಣಗಿದ್ದರೆ 28 ಮಿ.ಮೀ. ಟೈರಿಗೆ ಅಡ್ಡಿಯಿಲ್ಲ, ಮಳೆ ಬಂದರೆ ಬ್ರೇಕು, ಚೈನು ಎರಡಕ್ಕೂ ಮೆತ್ತಿಕೊಳ್ಳುತ್ತದೆ.

ರಸ್ತೆಯಲ್ಲಿ ಕಾಣುವ ಕೆಲವು ಫಲಕಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನೀಲಿ ಚೌಕದಲ್ಲಿ ಬಿಳಿ ಕಾರು ಕಂಡರೆ ಅಲ್ಲೇ ನಿಲ್ಲಿ, ಆ ರಸ್ತೆ ಸೈಕಲ್‌ಗೆ ನಿಷೇಧ. ಊರೊಳಗೆ ‘ತೂತ್ ದಿರೆಕ್ಸಿಯೋಂ’, ಅಂದರೆ ‘ಎಲ್ಲ ದಿಕ್ಕುಗಳಿಗೆ’, ಎಂಬ ಫಲಕ ಕಾರುಗಳನ್ನು ಊರ ಹೊರಗಿನ ದೊಡ್ಡ ರಸ್ತೆಗೆ ಕಳಿಸಲು ಹಾಕಿದ್ದು. ನೀವು ‘ಸಾಂತ್ರ್ ವಿಲ್’, ಅಂದರೆ ಊರ ನಡುವಿಗೆ, ಹೋಗಿ ಆ ಕಡೆಯಿಂದ ಹೊರಬನ್ನಿ. ಬೇಸಿಗೆಯಲ್ಲಿ ‘ಗ್ರಾವಿಯೋಂ’ ಎಂದಿದ್ದರೆ ಹೊಸದಾಗಿ ಚೆಲ್ಲಿದ ಸಡಿಲ ಜಲ್ಲಿ, ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೀಳುವುದು ಖಚಿತ.

ಎಲ್ಲಕ್ಕಿಂತ ಅಪಾಯದ್ದು ಬಲಗಡೆಯವರಿಗೆ ದಾರಿ ಬಿಡುವ ನಿಯಮ. ಫಲಕವಿಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲದಿಂದ ಬರುವ ವಾಹನಕ್ಕೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಗಲ್ಲಿಯಿಂದ ಬರಲಿ. ಹಳದಿ ವಜ್ರಾಕಾರದ ಫಲಕ ಕಂಡರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಅಡ್ಡಗೆರೆ ಬಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಹಳ್ಳಿಯೊಳಗೆ ಇಳಿಜಾರಿನಲ್ಲಿ ಜೋರಾಗಿ ಬರುವಾಗ ಬಲಗಡೆಯ ಪ್ರತಿ ಸಂದಿಗೂ ಕೈ ಬ್ರೇಕಿನ ಮೇಲಿರಲಿ.

ಸವಾರಿ ಮಾಡುವಾಗ ಇಯರ್‌ಫೋನ್ ಹಾಕುವುದು 2015ರಿಂದ ನಿಷೇಧ. ಊರ ಹೊರಗೆ ಕತ್ತಲಾದ ಮೇಲೆ, ಮಂಜು ಕವಿದಾಗ ಹೊಳೆಯುವ ಜಾಕೆಟ್ ಕಡ್ಡಾಯ. ಗಂಟೆಯೂ ಇರಲೇಬೇಕು. ರೇಸ್ ಸೈಕಲ್ಲಿನಿಂದ ಬಿಚ್ಚಿಟ್ಟಿದ್ದರೆ ಮತ್ತೆ ಹಾಕಿ, ಕಾಲುವೆ ದಂಡೆಯ ಜನಸಂದಣಿಯಲ್ಲಿ ಅದು ಬೇಕೇ ಬೇಕು.

ಹಂತ 6: ಊಟ, ನೀರನ್ನೂ ನಕ್ಷೆಯಲ್ಲೇ ಗುರುತು ಮಾಡಿ

ಇಂಗ್ಲೆಂಡಿನಂತೆ ಪೆಟ್ರೋಲ್ ಬಂಕಿನಲ್ಲಿ ಏನಾದರೂ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಹಳ್ಳಿಯ ಅಂಗಡಿಗಳು ಹನ್ನೆರಡೂವರೆ ಹೊತ್ತಿಗೆ ಬಾಗಿಲು ಹಾಕಿ ಎರಡರ ಮೇಲೆ ತೆರೆಯುತ್ತವೆ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರ ಒಳಗೆ. ಎರಡೂಕಾಲಿಗೆ ಹೋದರೆ ಕಾಫಿ ಮಾತ್ರ. ಭಾನುವಾರ ಮಧ್ಯಾಹ್ನದ ಮೇಲೆ ಬಹುತೇಕ ಎಲ್ಲವೂ ಬಂದ್, ಎಷ್ಟೋ ಬೇಕರಿಗಳಿಗೆ ಸೋಮವಾರ ರಜೆ. ಶನಿವಾರ ಹನ್ನೆರಡರ ಸುಮಾರಿಗೆ ಕ್ಲೆಸಿ ತಲುಪುವಂತೆ ಹೊತ್ತು ಹೊಂದಿಸಿ. ಭಾನುವಾರ ಫಲೇಜ್ ಬಿಡುವ ಮೊದಲೇ ಮಧ್ಯಾಹ್ನಕ್ಕಾಗುವಷ್ಟು ಬ್ರೆಡ್ಡು ಕಟ್ಟಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ನಾರ್ಮಂಡಿಯಲ್ಲಿ ಕೈಹಿಡಿಯುವುದು ‘ಗಲೆತ್’, ಕಪ್ಪು ಹುರುಳಿಹಿಟ್ಟಿನಂತೆ ಕಾಣುವ ಬಕ್‌ವೀಟ್ ದೋಸೆ. ಚೀಸು, ಅಣಬೆ ಹಾಕಿಸಿಕೊಳ್ಳಬಹುದು. ‘ಕೋಂಪ್ಲೆತ್’ ಎಂದಿದ್ದರೆ ಅದರಲ್ಲಿ ಹಂದಿ ಮಾಂಸವೂ ಮೊಟ್ಟೆಯೂ ಇರುತ್ತದೆ. ‘ಸಾಂ ಜಾಂಬೋಂ’ ಎಂದು ಮೊದಲೇ ಹೇಳಿ. ಮನೆಯಿಂದ ಒಯ್ಯುವವರು ಗಮನಿಸಬೇಕಾದದ್ದು ಒಂದಿದೆ: ಬ್ರಿಟನ್ನಿನಿಂದ ಫ್ರಾನ್ಸಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡೆ, ಮೊಸರನ್ನ ಬಿಟ್ಟುಬಿಡಿ. ನನ್ನ ಹ್ಯಾಂಡಲ್ ಚೀಲದಲ್ಲಿ ಯಾವಾಗಲೂ ಇರುವುದು ಒಗ್ಗರಣೆ ಅವಲಕ್ಕಿ, ಕಡಲೆಕಾಯಿ ಚಿಕ್ಕಿ.

ನೀರಿಗೆ ಫ್ರಾನ್ಸಿನ ಸವಾರರು ಬಹಳ ಹಿಂದಿನಿಂದ ಮಾಡುವ ಉಪಾಯ ಸ್ಮಶಾನ. ಹಳ್ಳಿಯ ಸ್ಮಶಾನದ ಬಾಗಿಲ ಬಳಿ ಹೂಗಿಡಗಳಿಗೆ ನೀರು ಹಾಕಲು ನಲ್ಲಿ ಇರುತ್ತದೆ, ಪಕ್ಕದಲ್ಲಿ ಸಾಲಾಗಿ ತೂಗುಹಾಕಿದ ನೀರಿನ ಕ್ಯಾನುಗಳು. ಹೆಲ್ಮೆಟ್ ತೆಗೆದು, ಸದ್ದು ಮಾಡದೆ ಬಾಟಲಿ ತುಂಬಿಕೊಂಡು ಬನ್ನಿ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ನಕ್ಷೆಯಲ್ಲಿ ಸ್ಮಶಾನದ ಶಿಲುಬೆ ಗುರುತು ಇರುವ ಹಳ್ಳಿಗಳನ್ನು 20 ಕಿ.ಮೀ.ಗೊಂದರಂತೆ ಗುರುತು ಮಾಡಿಟ್ಟುಕೊಳ್ಳಿ.

ಹಂತ 7: ಕೈಬಿಡುವ ದಾರಿ ಮೊದಲೇ ಗೊತ್ತಿರಲಿ

ಫಲೇಜ್‌ನಲ್ಲಾಗಲಿ ಕ್ಲೆಸಿಯಲ್ಲಾಗಲಿ ಹತ್ತಬಹುದಾದ ರೈಲಿಲ್ಲ. ಚಕ್ರ ಮುರಿದರೆ, ಮಂಡಿ ಕೈಕೊಟ್ಟರೆ ಫಲೇಜ್‌ಗೆ ಹತ್ತಿರದ ನಿಲ್ದಾಣ ಪೂರ್ವದ ಕಡೆ, ಕಾನ್ ಮತ್ತು ಲ ಮಾನ್ ನಡುವಿನ ಹಳಿಯ ಮೇಲೆ, ಮೆಜಿದೋಂ ಅಥವಾ ಆರ್ಜಾನ್ತಾನ್. ಆ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ಮುಂಗಡ ಹಿಡಿಯಬೇಕೇ ಎಂಬುದು ಋತುವಿನಂತೆ ಬದಲಾಗುತ್ತದೆ, ಹೊರಡುವ ವಾರ ನೋಡಿಕೊಳ್ಳಿ. ಹಾಳೆಯಲ್ಲಿ ಎರಡೇ ಸಾಲು ಬರೆದಿಡಿ: ಶನಿವಾರ ಇಷ್ಟು ಹೊತ್ತಿಗೆ ಪೋಂ-ದುಯೀ ತಲುಪದಿದ್ದರೆ ಗುಡ್ಡದ ಸುತ್ತು ಬಿಟ್ಟು ನೇರ ಫಲೇಜ್‌ಗೆ. ಭಾನುವಾರ ಹನ್ನೊಂದೂವರೆಯಾದರೂ ಫಲೇಜ್ ಬಿಡದಿದ್ದರೆ ಟ್ಯಾಕ್ಸಿಗೆ ಫೋನು. ದಣಿದ ತಲೆ ರಸ್ತೆಯಲ್ಲಿ ಇಂಥ ತೀರ್ಮಾನ ಮಾಡಲಾರದು. ತುರ್ತಿಗೆ 112.

ಸಲಕರಣೆ ಹೆಚ್ಚೇನೂ ಬೇಡ: ಎರಡು ಟ್ಯೂಬು, ಟೈರ್ ಬಿಚ್ಚುವ ಲಿವರ್, ಪಂಪು, ಮಲ್ಟಿಟೂಲ್, ಚೈನಿನ ಜೋಡಣೆ ಕೊಂಡಿ, ನಿಮ್ಮ ಸೈಕಲ್ಲಿಗೇ ಹೊಂದುವ ಗೇರ್ ಹ್ಯಾಂಗರ್ (ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ತುಂಡು). ಕೊನೆಯದ್ದು ಒಂದೊಂದು ಸೈಕಲ್ಲಿಗೆ ಒಂದೊಂದು ಅಳತೆ, ಹಳ್ಳಿಯಲ್ಲಿ ಸಿಗುವುದಿಲ್ಲ.

ಹಂತ 8: ಫೈಲನ್ನು ತುಂಡು ಮಾಡಿ

ಎರಡು ದಿನದ 145 ಕಿ.ಮೀ. ಜಿಪಿಎಸ್ ಯಂತ್ರ ಓದುವ ಒಂದೇ ಜಿಪಿಎಕ್ಸ್ ಫೈಲ್ ಆಗಿದ್ದರೆ, ಕಾನ್‌ನಲ್ಲಿ ಹೋಗುವ ಗೆರೆ, ಬರುವ ಗೆರೆ ಒಂದರ ಮೇಲೊಂದು ಬಿದ್ದು ಯಂತ್ರ ಹಿಂದಕ್ಕೆ ತಿರುಗಲು ಹೇಳುತ್ತದೆ. ನಾಲ್ಕು ತುಂಡು ಮಾಡಿ: ಬಂದರಿನಿಂದ ಕಾನ್, ಕಾನ್‌ನಿಂದ ಫಲೇಜ್, ಫಲೇಜ್‌ನಿಂದ ಕಾನ್, ಕಾನ್‌ನಿಂದ ಬಂದರು. ಕಾನ್ ಒಳಗೆ ದಾರಿ ತಪ್ಪುವುದು ಒಂದೇ ಕಡೆ, ದಕ್ಷಿಣದ ಕುದುರೆ ರೇಸಿನ ಮೈದಾನದಿಂದ ಸಾಂ ಪಿಯೆರ್ ದೋಣಿಕಟ್ಟೆಯವರೆಗೆ. ದೋಣಿಗಳ ಕಂಬ ಕಂಡರೆ ಕಾಲುವೆ ಅಲ್ಲಿಂದಲೇ ಶುರು. ನಕ್ಷೆ ಆಫ್‌ಲೈನ್ ಇಳಿಸಿಕೊಳ್ಳಿ. ಜೊತೆಗೆ ಹಳ್ಳಿಗಳ ಹೆಸರನ್ನು ಕ್ರಮವಾಗಿ ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿ. ಮಳೆಯಲ್ಲಿ ಒದ್ದೆ ಬೆರಳಿಗೆ ಫೋನಿನ ಪರದೆ ಸ್ಪಂದಿಸದಿದ್ದಾಗ ಆ ಚೀಟಿಯೇ ದಾರಿ ತೋರಿಸಿದ್ದು.

ಹಂತ 9: ಹಡಗಿನ ಒಳಗೆ, ಹೊರಗೆ

ಸೈಕಲ್ಲು ವಾಹನಗಳ ಜೊತೆಗೇ ಹಡಗಿನ ಹೊಟ್ಟೆಗೆ ಹೋಗುತ್ತದೆ. ಉಕ್ಕಿನ ಇಳಿಜಾರು ಒದ್ದೆ ಇದ್ದರೆ ತುಳಿಯಬೇಡಿ, ಇಳಿದು ತಳ್ಳಿ. ಸೈಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ಹಗ್ಗದಿಂದ ಬಿಗಿಯುತ್ತಾರೆ, ನಡುವೆ ಇಡಲು ಹಳೆಯ ಟವೆಲ್ ಒಯ್ಯಿರಿ. ಹೊರಟ ಮೇಲೆ ಕೆಳಗಿನ ಅಂತಸ್ತಿಗೆ ಬಿಡುವುದಿಲ್ಲವಾದ್ದರಿಂದ ಹಲ್ಲುಜ್ಜುವ ಬ್ರಷ್, ಚಾರ್ಜರ್, ಪಾಸ್‌ಪೋರ್ಟ್ ಒಂದು ಸಣ್ಣ ಚೀಲದಲ್ಲಿ ಮೊದಲೇ ಬೇರೆ ಇರಲಿ. ರಾತ್ರಿ ಹಡಗಿನಲ್ಲಿ ಕ್ಯಾಬಿನ್ ಹಿಡಿಯಿರಿ. ಕುರ್ಚಿಯಲ್ಲಿ ಕೂತು ಉಳಿಸಿದ ಹಣಕ್ಕೆ ಕ್ಲೆಸಿಯ ಏರಿನಲ್ಲಿ ದುಬಾರಿ ಬೆಲೆ ತೆರಬೇಕಾಗುತ್ತದೆ.

ವಾಪಸ್ ಬರುವಾಗ ಕಾಲುವೆ ದಂಡೆಯಲ್ಲಿ ಬೆನುವಿಲ್‌ನ ಎತ್ತುವ ಸೇತುವೆ, ಪೆಗಾಸಸ್, ಕಾಣಿಸಿದರೆ ಬಂದರಿಗೆ ಇನ್ನು ಸುಮಾರು 5 ಕಿ.ಮೀ. ಅಲ್ಲಿ ನಿಂತು ಗಡಿಯಾರ ನೋಡಿ. ಎರಡೂವರೆ ಆಗಿಲ್ಲದಿದ್ದರೆ ಸೇತುವೆಯ ಪಕ್ಕದ ಬೆಂಚಿನಲ್ಲಿ ಕೂತು, ಉಳಿದ ಬ್ರೆಡ್ಡು, ಅವಲಕ್ಕಿ ತೆಗೆಯಿರಿ.